8 ಲಕ್ಷ ಪೈಲಟ್‌ಗಳು ಅಂತಾರಲ್ಲ, ಅದರಲ್ಲಿ ಹಾರೋರು ಎಷ್ಟು ಜನ?

ಎರಡು ಸುದ್ದಿ ನೋಡಿ. ಮೊದಲನೆಯದು: ಅಮೆರಿಕದಲ್ಲಿ ಪೈಲಟ್‌ಗಳ ಸಂಖ್ಯೆ 8 ಲಕ್ಷ ದಾಟಿದೆ, ಇದು ಹೊಸ ದಾಖಲೆ. ಎರಡನೆಯದು: ಅಮೆರಿಕದಲ್ಲಿ ಪೈಲಟ್‌ಗಳಿಗೆ ಬರ ಬಂದಿದೆ, ವಿಮಾನ ಇದೆ, ಹಾರಿಸೋಕೆ ಜನ ಇಲ್ಲ.

ಎರಡೂ ಒಂದೇ ದೇಶದ ಸುದ್ದಿ, ಹೆಚ್ಚುಕಮ್ಮಿ ಒಂದೇ ಕಾಲದ್ದು. ಎರಡನ್ನೂ ಹೇಳುವವರು ವಿಮಾನಯಾನದ ಪರವಾಗಿ ಮಾತಾಡುವವರೇ. ಮೊದಲನೆಯದನ್ನು ಹೇಳುವಾಗ ‘ನಾವು ಎಷ್ಟೊಂದು ಜನ ಇದ್ದೀವಿ ನೋಡಿ’ ಅನ್ನುವ ಹೆಮ್ಮೆ. ಎರಡನೆಯದನ್ನು ಹೇಳುವಾಗ ‘ನಾವು ಎಷ್ಟು ಕಮ್ಮಿ ಇದ್ದೀವಿ ನೋಡಿ’ ಅನ್ನುವ ಆತಂಕ.

ಆ 8 ಲಕ್ಷ ಸುಳ್ಳು ಸಂಖ್ಯೆ ಅಲ್ಲ. ಅಲ್ಲಿನ ಸರ್ಕಾರದ ಪಟ್ಟಿಯಲ್ಲೇ ಇದೆ. ಆದರೆ ಆ ಪಟ್ಟಿ ಏನನ್ನು ಎಣಿಸುತ್ತೆ ಅಂತ ಹೇಳದೆ ಒಟ್ಟು ಮೊತ್ತ ಮಾತ್ರ ಹೇಳಿದರೆ, ನಿಜವಾದ ಸಂಖ್ಯೆಯೇ ಉತ್ಪ್ರೇಕ್ಷೆ ಆಗಿಬಿಡುತ್ತೆ. ಈ ಸಲ ಆ ಸಂಖ್ಯೆಯನ್ನು ಸ್ವಲ್ಪ ಬಿಚ್ಚಿ ನೋಡೋಣ. ವಿಮಾನದ ಬಗ್ಗೆ ಆಸಕ್ತಿ ಇಲ್ಲದವರೂ ಓದಿ. ನಿಮ್ಮ ಆಫೀಸಿನ ಡ್ಯಾಶ್‌ಬೋರ್ಡ್‌ನಲ್ಲೂ ಇದೇ ಕಥೆ ನಡೀತಿರಬಹುದು.

ಸಂಖ್ಯೆ ಎಲ್ಲಿಂದ ಬಂತು?

ನಮ್ಮಲ್ಲಿ ಡಿಜಿಸಿಎ ಇದ್ದ ಹಾಗೆ ಅಮೆರಿಕದಲ್ಲಿ ಎಫ್‌ಎಎ ಇದೆ. ಅದು ಪ್ರತಿ ವರ್ಷದ ಕೊನೆಗೆ ಯಾರ ಹತ್ತಿರ ಯಾವ ಪೈಲಟ್ ಸರ್ಟಿಫಿಕೇಟ್ ಇದೆ ಅನ್ನುವ ಪಟ್ಟಿ ಪ್ರಕಟಿಸುತ್ತೆ. ಸ್ಟೂಡೆಂಟ್, ಪ್ರೈವೇಟ್, ಕಮರ್ಷಿಯಲ್, ಏರ್‌ಲೈನ್ ಪೈಲಟ್‌ಗಳಿಗೆ ಬೇಕಾದ ಎಟಿಪಿ, ಗ್ಲೈಡರ್, ಹೆಲಿಕಾಪ್ಟರ್ ಎಲ್ಲಕ್ಕೂ ಬೇರೆ ಬೇರೆ ಸಾಲು. ಕೊನೆಯಲ್ಲಿ ಒಂದು ಒಟ್ಟು ಮೊತ್ತ.

1980ರಲ್ಲಿ ಆ ಮೊತ್ತ 8,27,071. ಆಮೇಲೆ ಇಳಿಯುತ್ತಾ ಬಂತು. 2016ರಲ್ಲಿ 5,84,362ಕ್ಕೆ ಬಂದು ನಿಂತಿತು. ಅಲ್ಲಿಂದ ಗ್ರಾಫ್ ಇದ್ದಕ್ಕಿದ್ದಂತೆ ಮೇಲೆದ್ದಿತು. 2022ರಲ್ಲಿ 7,56,928. 2023ರಲ್ಲಿ 8 ಲಕ್ಷ 6 ಸಾವಿರ. 2024ರಲ್ಲಿ 8 ಲಕ್ಷ 48 ಸಾವಿರ, ಅಂದರೆ 1980ರ ದಾಖಲೆಯನ್ನೂ ದಾಟಿತು.

ಮೂವತ್ತಾರು ವರ್ಷ ಇಳಿಮುಖವಾಗಿದ್ದ ಒಂದು ಹವ್ಯಾಸ, ಒಂದು ವೃತ್ತಿ, ಎಂಟು ವರ್ಷದಲ್ಲಿ ಪೂರ್ತಿ ಚೇತರಿಸಿಕೊಂಡಿತು ಅಂದರೆ ಸಣ್ಣ ವಿಷಯ ಅಲ್ಲ. ಯಾವುದೇ ಎಂಜಿನಿಯರ್ ಇಂಥ ಗ್ರಾಫ್ ನೋಡಿದ ತಕ್ಷಣ ಕೇಳುವ ಮೊದಲ ಪ್ರಶ್ನೆ ಒಂದೇ: ಜನ ಬದಲಾದರೋ, ಎಣಿಸುವ ರೀತಿ ಬದಲಾಯಿತೋ?

ಎಣಿಸುವ ರೀತಿ ಬದಲಾಗಿತ್ತು.

ಎಲ್‌ಎಲ್‌ಆರ್‌ಗೆ ಎಕ್ಸ್‌ಪೈರಿ ಇಲ್ಲದಿದ್ದರೆ?

ಸ್ಟೂಡೆಂಟ್ ಪೈಲಟ್ ಸರ್ಟಿಫಿಕೇಟ್ ಅಂದರೆ ನಮ್ಮ ಎಲ್‌ಎಲ್‌ಆರ್ ಇದ್ದ ಹಾಗೆ. ವಿಮಾನ ಕಲಿಯುವವರು ಮೊದಲ ಸಲ ಒಬ್ಬರೇ ಹಾರುವ ಮುಂಚೆ ಇದನ್ನು ಪಡೆದಿರಬೇಕು. ಇಂಗ್ಲಿಷ್ ಬರಬೇಕು, 16 ವರ್ಷ ತುಂಬಿರಬೇಕು, ಅರ್ಜಿ ಹಾಕಬೇಕು, ಹಿನ್ನೆಲೆ ಪರಿಶೀಲನೆ ಆಗುತ್ತೆ, ಕಾರ್ಡ್ ಮನೆಗೆ ಬರುತ್ತೆ. ಇದಕ್ಕೆ ಯಾವ ಹಾರಾಟದ ಪರೀಕ್ಷೆಯೂ ಇಲ್ಲ. ಅಂದರೆ ಈ ಕಾರ್ಡ್ ಇರುವ ವ್ಯಕ್ತಿ ಒಂದು ಸಲವೂ ಒಬ್ಬರೇ ವಿಮಾನ ಹಾರಿಸದೆ ಇರಬಹುದು.

ಮೊದಲೆಲ್ಲಾ ಈ ಕಾರ್ಡ್‌ಗೆ ಮುಕ್ತಾಯದ ದಿನಾಂಕ ಇರ್ತಿತ್ತು. ಕಲಿಯೋದು ಬಿಟ್ಟವರು ಕೆಲವು ವರ್ಷದಲ್ಲಿ ತಾವಾಗಿಯೇ ಪಟ್ಟಿಯಿಂದ ಉದುರಿ ಹೋಗ್ತಿದ್ದರು.

2010ರ ಜುಲೈನಲ್ಲಿ ಒಂದು ಬದಲಾವಣೆ ಬಂತು. 40 ವರ್ಷದೊಳಗಿನವರ ಸ್ಟೂಡೆಂಟ್ ಸರ್ಟಿಫಿಕೇಟ್‌ನ ಅವಧಿಯನ್ನು 36 ತಿಂಗಳಿಂದ 60 ತಿಂಗಳಿಗೆ ಏರಿಸಿದರು. 2009ರ ಕೊನೆಯಲ್ಲಿ 72,280 ಇದ್ದ ವಿದ್ಯಾರ್ಥಿಗಳ ಸಂಖ್ಯೆ 2010ರ ಕೊನೆಗೆ 1,19,119 ಆಯಿತು.

2016ರ ಏಪ್ರಿಲ್‌ನಲ್ಲಿ ಇನ್ನೂ ದೊಡ್ಡ ಬದಲಾವಣೆ. ಹೊಸ ಸ್ಟೂಡೆಂಟ್ ಸರ್ಟಿಫಿಕೇಟ್‌ಗಳಿಗೆ ಮುಕ್ತಾಯದ ದಿನಾಂಕವನ್ನೇ ತೆಗೆದು ಹಾಕಿದರು. ಇದಕ್ಕೆ ಒಳ್ಳೆಯ ಕಾರಣವೂ ಇತ್ತು. ದುಡ್ಡು, ಸಮಯ, ಹವಾಮಾನ ಅಂತ ಕಲಿಕೆ ಎಳೆದಾಡುವ ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಅರ್ಜಿ ಹಾಕುವ ತಲೆನೋವು ತಪ್ಪಿತು. ಆದರೆ ಲೆಕ್ಕದ ಮೇಲೆ ಆದ ಪರಿಣಾಮ ಬೇರೆ. ಅಂದಿನಿಂದ ಈ ಸಾಲಿಗೆ ಹೊಸಬರು ಸೇರುತ್ತಲೇ ಇರುತ್ತಾರೆ, ಬಿಟ್ಟವರು ಹೊರಗೆ ಹೋಗೋದೇ ಇಲ್ಲ. ಪ್ರೈವೇಟ್ ಸರ್ಟಿಫಿಕೇಟ್ ಪಡೆದು ಮುಂದಿನ ಸಾಲಿಗೆ ಹೋದವರು ಮಾತ್ರ ಇಲ್ಲಿಂದ ಖಾಲಿ ಆಗುತ್ತಾರೆ.

ನಮ್ಮ ಊರಿನ ಲೆಕ್ಕದಲ್ಲಿ ಹೇಳಬೇಕು ಅಂದರೆ, ಎಲ್‌ಎಲ್‌ಆರ್ ಆರು ತಿಂಗಳಿಗೆ ಮುಗಿಯುತ್ತೆ, ಅಲ್ವಾ? ನಾಳೆಯಿಂದ ಅದು ಆಜೀವ ಅಂತ ಮಾಡಿಬಿಟ್ಟರು ಅಂದುಕೊಳ್ಳಿ. ಡ್ರೈವಿಂಗ್ ಸ್ಕೂಲ್‌ಗೆ ನಾಲ್ಕು ದಿನ ಹೋಗಿ, ಕ್ಲಚ್ ಬಿಡೋದು ಕಷ್ಟ ಅಂತ ಬಿಟ್ಟವರು, ಊರು ಬಿಟ್ಟವರು, ಕ್ಯಾಬ್ ಸಾಕು ಅಂದವರು ಎಲ್ಲರೂ ಪಟ್ಟಿಯಲ್ಲೇ ಉಳಿದುಬಿಡುತ್ತಾರೆ. ಹತ್ತು ವರ್ಷ ಆದಮೇಲೆ ಯಾರಾದರೂ ಎಲ್‌ಎಲ್‌ಆರ್ ಮತ್ತು ಡಿಎಲ್ ಎರಡನ್ನೂ ಕೂಡಿಸಿ ‘ಕರ್ನಾಟಕದಲ್ಲಿ ದಾಖಲೆ ಸಂಖ್ಯೆಯ ಚಾಲಕರು’ ಅಂದರೆ ನೀವು ನಂಬ್ತೀರಾ?

ಇಲ್ಲಿ ಒಂದು ಮಾತು ಹೇಳಲೇಬೇಕು. ಎಫ್‌ಎಎ ಏನನ್ನೂ ಮುಚ್ಚಿಟ್ಟಿಲ್ಲ. ಮುಕ್ತಾಯದ ದಿನಾಂಕ ತೆಗೆದ ಕಾರಣ ಸಂಖ್ಯೆ ಸೇರುತ್ತಾ ಹೋಗುತ್ತದೆ ಎನ್ನುವ ಅರ್ಥದ ಅಡಿಟಿಪ್ಪಣಿಯನ್ನು ಅದೇ ಪಟ್ಟಿಯ ಕೆಳಗೆ ಬರೆದಿದೆ. ತೊಂದರೆ ಶುರುವಾಗೋದು ಆ ಸಂಖ್ಯೆ ಅಡಿಟಿಪ್ಪಣಿಯನ್ನು ಅಲ್ಲೇ ಬಿಟ್ಟು ಭಾಷಣ, ಪೋಸ್ಟರ್, ಪ್ರೆಸ್ ನೋಟ್‌ಗಳಿಗೆ ಪ್ರಯಾಣ ಹೊರಟಾಗ.

ಈಗ ಕಳೆದು ನೋಡೋಣ

ಕ್ಯಾಲ್ಕುಲೇಟರ್ ತೆಗೀರಿ. ಪ್ರೈಮರಿ ಸ್ಕೂಲಿನ ಕಳೆಯುವ ಲೆಕ್ಕ ಸಾಕು.

2016ರಲ್ಲಿ ಒಟ್ಟು 5,84,362. ಅದರಲ್ಲಿ ವಿದ್ಯಾರ್ಥಿಗಳು 1,28,501. ಉಳಿದವರು 4,55,861.

2022ರಲ್ಲಿ ಒಟ್ಟು 7,56,928. ಅದರಲ್ಲಿ ವಿದ್ಯಾರ್ಥಿಗಳು 2,80,582. ಉಳಿದವರು 4,76,346.

ಆರು ವರ್ಷದಲ್ಲಿ ಒಟ್ಟು ಏರಿಕೆ 1,72,566. ಅದರಲ್ಲಿ ವಿದ್ಯಾರ್ಥಿಗಳ ಸಾಲಿನ ಏರಿಕೆಯೇ 1,52,081. ಅಂದರೆ ನೂರಕ್ಕೆ 88 ಪಾಲು ಏರಿಕೆ ಮುಕ್ತಾಯದ ದಿನಾಂಕವನ್ನೇ ಕಳೆದುಕೊಂಡ ಆ ಒಂದು ಸಾಲಿನಿಂದ ಬಂದದ್ದು. ಹಾರಾಟದ ಪರೀಕ್ಷೆ ಪಾಸಾದ ಪೈಲಟ್‌ಗಳು ಆರು ವರ್ಷದಲ್ಲಿ ಹೆಚ್ಚಾಗಿದ್ದು 20 ಸಾವಿರ ಚಿಲ್ಲರೆ, ಶೇ 4.5ರಷ್ಟು. ಅದರಲ್ಲೂ ವಿಮಾನ ಹಾರಿಸುವ ಪ್ರೈವೇಟ್ ಪೈಲಟ್‌ಗಳು 1,62,313ರಿಂದ 1,64,090ಕ್ಕೆ ಬಂದರು. ಆರು ವರ್ಷಕ್ಕೆ ಎರಡು ಸಾವಿರವೂ ಹೆಚ್ಚಿಲ್ಲ.

2010ರ ಲೆಕ್ಕ ಇನ್ನೂ ಮಜವಾಗಿದೆ. 2009ರಲ್ಲಿ ಒಟ್ಟು 5,94,285, 2010ರಲ್ಲಿ 6,27,588. ಒಂದೇ ವರ್ಷದಲ್ಲಿ 33 ಸಾವಿರ ಹೆಚ್ಚಳ! ಆದರೆ ವಿದ್ಯಾರ್ಥಿಗಳನ್ನು ಕಳೆದರೆ 5,22,005 ಇದ್ದದ್ದು 5,08,469ಕ್ಕೆ ಇಳಿದಿದೆ. ಅಂದರೆ ಪಾಸಾದ ಪೈಲಟ್‌ಗಳು ಒಂದೇ ವರ್ಷದಲ್ಲಿ 13 ಸಾವಿರಕ್ಕೂ ಹೆಚ್ಚು ಕಡಿಮೆಯಾದರು. ಅದೇ ವರ್ಷ ಒಟ್ಟು ಮೊತ್ತ ಹೆಚ್ಚಾಯಿತು. ಮನೆಯ ಹಿಂದಿನ ಗೋಡೆ ಕುಸೀತಿರುವಾಗ ಮುಂದೆ ಬಣ್ಣ ಬಳಿದ ಹಾಗೆ.

ಇನ್ನು 2024ರ ‘ದಾಖಲೆ’. ಆ 8 ಲಕ್ಷ 48 ಸಾವಿರದಲ್ಲಿ ವಿದ್ಯಾರ್ಥಿಗಳೇ 3 ಲಕ್ಷ 45 ಸಾವಿರ, ಅಂದರೆ ಹತ್ತರಲ್ಲಿ ನಾಲ್ಕು. ಅವರನ್ನು ಬಿಟ್ಟರೆ ಉಳಿಯೋದು ಸುಮಾರು 5 ಲಕ್ಷ 3 ಸಾವಿರ. 1980ರಲ್ಲಿ ಇದೇ ರೀತಿ ಕಳೆದರೆ 6 ಲಕ್ಷ 27 ಸಾವಿರ ಇದ್ದರು. ದಾಖಲೆ ಎಲ್ಲಿ ಬಂತು? ಐದರಲ್ಲಿ ಒಂದು ಪಾಲು ಕಡಿಮೆ ಆಗಿದೆ. ಅಮೆರಿಕದ ಜನಸಂಖ್ಯೆ ಅಷ್ಟರಲ್ಲಿ ಸುಮಾರು 22.6 ಕೋಟಿಯಿಂದ 34 ಕೋಟಿ ಆಗಿದೆ. 1980ರಲ್ಲಿ ಲಕ್ಷ ಜನರಿಗೆ ಸುಮಾರು 277 ಪೈಲಟ್‌ಗಳು ಇದ್ದರು, ಈಗ 148.

ಒಂದು ಮೊತ್ತ, ಎರಡು ಕಥೆ

ಹಾಗಂತ ‘ಎಲ್ಲಾ ಬೋಗಸ್’ ಅನ್ನೋದೂ ತಪ್ಪಾಗುತ್ತೆ. ಪಟ್ಟಿಯ ಒಳಗಿನ ಸಾಲುಗಳನ್ನು ಬೇರೆ ಬೇರೆ ಓದಿದರೆ ನಿಜವಾದ ಕಥೆ ಸಿಗುತ್ತೆ, ಅದು ಒಟ್ಟು ಮೊತ್ತಕ್ಕಿಂತ ಸ್ವಾರಸ್ಯವಾಗಿದೆ.

ಪ್ರೈವೇಟ್ ಪೈಲಟ್‌ಗಳು, ಅಂದರೆ ಖುಷಿಗೆ, ಸ್ವಂತ ಓಡಾಟಕ್ಕೆ ಹಾರುವವರು, 1980ರಲ್ಲಿ 3,57,479. 2022ರಲ್ಲಿ 1,64,090. ಅರ್ಧಕ್ಕಿಂತ ಕಡಿಮೆ.

ಎಟಿಪಿ ಇರುವವರು, ಅಂದರೆ ಏರ್‌ಲೈನ್‌ನಲ್ಲಿ ಕ್ಯಾಪ್ಟನ್ ಆಗುವ ಅರ್ಹತೆ ಇರುವವರು, 1980ರಲ್ಲಿ 69,569. 2022ರಲ್ಲಿ 1,66,738. ಎರಡು ಪಟ್ಟಿಗಿಂತ ಜಾಸ್ತಿ.

ಅಂದರೆ ಅಮೆರಿಕದಲ್ಲಿ ಹಾರಾಟ ಹವ್ಯಾಸವಾಗಿ ಕುಗ್ಗಿದೆ, ವೃತ್ತಿಯಾಗಿ ಬೆಳೆದಿದೆ. ಎರಡು ಬೇರೆ ಬೇರೆ ದಿಕ್ಕಿನ ಕಥೆಗಳನ್ನು ಕೂಡಿಸಿ ಒಂದು ಮೊತ್ತ ಮಾಡಿದಾಗ ಎರಡೂ ಕಾಣೆಯಾಗುತ್ತವೆ.

ಹವ್ಯಾಸ ಕುಗ್ಗಿದ್ದಕ್ಕೆ ಕಾರಣಗಳೂ ಗೊತ್ತಿರುವಂಥವೇ. 1978ರಲ್ಲಿ ಅಮೆರಿಕದ ಕಂಪನಿಗಳು ಸಣ್ಣ ವಿಮಾನಗಳನ್ನೆಲ್ಲ ಸೇರಿಸಿ ಒಂದೇ ವರ್ಷದಲ್ಲಿ ಸುಮಾರು 17,800 ವಿಮಾನ ಮಾರಿದ್ದವು. ಅಪಘಾತವಾದಾಗ ತಯಾರಕರ ಮೇಲೆ ಬೀಳುತ್ತಿದ್ದ ಪರಿಹಾರದ ದಾವೆಗಳು, ವಿಮೆಯ ವೆಚ್ಚ, ಆರ್ಥಿಕ ಹಿಂಜರಿತ ಎಲ್ಲ ಸೇರಿ ಆ ಉದ್ಯಮ ಮಲಗಿತು. 1986ರಲ್ಲಿ ಸೆಸ್ನಾ ಕಂಪನಿ ತನ್ನ ಒಂಟಿ ಪಿಸ್ಟನ್ ಎಂಜಿನ್ ವಿಮಾನಗಳ ತಯಾರಿಯನ್ನೇ ನಿಲ್ಲಿಸಿತು. 1994ರ ಹೊತ್ತಿಗೆ ಇಡೀ ವರ್ಷದ ಮಾರಾಟ ಸಾವಿರಕ್ಕಿಂತ ಕಡಿಮೆ. ಅದೇ ವರ್ಷ ಕಾನೂನು ತಿದ್ದಿ ಹಳೆಯ ವಿಮಾನಗಳ ಹೊಣೆಗಾರಿಕೆಗೆ ಮಿತಿ ಹಾಕಿದರು, ಸೆಸ್ನಾ ಮತ್ತೆ ತಯಾರಿಕೆಗೆ ಇಳಿಯಿತು. ಆದರೆ ಹಳೆಯ ದಿನಗಳು ತಿರುಗಿ ಬರಲಿಲ್ಲ.

‘ಆಕ್ಟಿವ್’ ಅಂದರೆ ಏನು?

ಈ ಪಟ್ಟಿಯ ಹೆಸರಲ್ಲೇ ‘ಆಕ್ಟಿವ್’ ಅನ್ನುವ ಪದ ಇದೆ. ಆಪ್ ಮಾಡುವ ನಮ್ಮಂಥವರಿಗೆ ಈ ಪದ ಕೇಳಿದರೆ ಸ್ವಲ್ಪ ಭಯ. ನೂರು ಜನ ಡೌನ್‌ಲೋಡ್ ಮಾಡಿರ್ತಾರೆ, ಅರವತ್ತು ಜನ ಲಾಗಿನ್ ಆಗಿರ್ತಾರೆ, ಹತ್ತು ಜನ ಈ ತಿಂಗಳು ತೆರೆದು ನೋಡಿರ್ತಾರೆ. ಮೀಟಿಂಗ್‌ನಲ್ಲಿ ಯಾವ ಸಂಖ್ಯೆ ತೋರಿಸ್ತಾರೆ ಅನ್ನೋದು ತೋರಿಸುವವರು ಯಾರು ಅನ್ನೋದರ ಮೇಲೆ ನಿಂತಿರುತ್ತೆ.

ಎಫ್‌ಎಎ ಲೆಕ್ಕದಲ್ಲಿ ಆಕ್ಟಿವ್ ಅಂದರೆ, ಸ್ಥೂಲವಾಗಿ, ಪೈಲಟ್ ಸರ್ಟಿಫಿಕೇಟ್ ಜೊತೆಗೆ ಚಾಲ್ತಿಯಲ್ಲಿರುವ ಮೆಡಿಕಲ್ ಸರ್ಟಿಫಿಕೇಟ್ ಇರುವವರು. ಹಾರುತ್ತಿರುವವರು ಅಂತ ಅರ್ಥ ಅಲ್ಲ. ಅಲ್ಲಿ ಪ್ರೈವೇಟ್, ಕಮರ್ಷಿಯಲ್ ಸರ್ಟಿಫಿಕೇಟ್‌ಗಳಿಗೆ ಮುಕ್ತಾಯ ಇಲ್ಲ. 40 ವರ್ಷದೊಳಗಿನವರಿಗೆ ಸಾಮಾನ್ಯ ದರ್ಜೆಯ ಮೆಡಿಕಲ್ 60 ತಿಂಗಳು ನಡೆಯುತ್ತೆ. ಇವತ್ತು ಮೆಡಿಕಲ್ ಮಾಡಿಸಿ ನಾಳೆ ಹಾರೋದು ಬಿಟ್ಟವರೂ ಐದು ವರ್ಷ ಲೆಕ್ಕದಲ್ಲಿ ಇರುತ್ತಾರೆ.

ಹಾಗಾದರೆ ಹಾರೋಕೆ ಏನು ಬೇಕು? ನಿಯಮದ ಪ್ರಕಾರ ಪ್ರತಿ 24 ತಿಂಗಳಿಗೆ ಒಮ್ಮೆ ಬೋಧಕರ ಜೊತೆ ಫ್ಲೈಟ್ ರಿವ್ಯೂ ಆಗಿರಬೇಕು. ಪ್ರಯಾಣಿಕರನ್ನು ಕೂರಿಸಿಕೊಳ್ಳಬೇಕಾದರೆ ಹಿಂದಿನ 90 ದಿನದಲ್ಲಿ ಮೂರು ಸಲ ಟೇಕಾಫ್, ಮೂರು ಸಲ ಲ್ಯಾಂಡಿಂಗ್ ಮಾಡಿರಬೇಕು. ಅದು ನಿಜವಾದ ‘ಆಕ್ಟಿವ್’. ಆದರೆ ಆ ವಿವರ ಇರೋದು ಪೈಲಟ್‌ನ ಲಾಗ್‌ಬುಕ್‌ನಲ್ಲಿ, ಎಫ್‌ಎಎ ಪಟ್ಟಿಯಲ್ಲಿ ಅಲ್ಲ.

ಇನ್ನೊಂದು ವಿಷಯ ಗಮನದಲ್ಲಿ ಇಟ್ಟುಕೊಳ್ಳಿ. 2024ರ ಡಿಸೆಂಬರ್‌ನಿಂದ ಹಾರಾಟ ಬೋಧಕರ ಸರ್ಟಿಫಿಕೇಟ್‌ಗೂ ಮುಕ್ತಾಯದ ದಿನಾಂಕ ತೆಗೆದಿದ್ದಾರೆ. ಬೋಧಕರು 24 ತಿಂಗಳಿಗೊಮ್ಮೆ ತಮ್ಮ ಅನುಭವ ಚಾಲ್ತಿಯಲ್ಲಿದೆ ಅಂತ ತೋರಿಸಲೇಬೇಕು, ಆ ನಿಯಮ ಹಾಗೇ ಇದೆ. ಮುಂದೊಂದು ದಿನ ‘ಬೋಧಕರ ಸಂಖ್ಯೆಯಲ್ಲಿ ದಾಖಲೆ ಏರಿಕೆ’ ಅನ್ನುವ ಸಾಲು ಕಣ್ಣಿಗೆ ಬಿದ್ದರೆ, ಚಪ್ಪಾಳೆ ತಟ್ಟುವ ಮುಂಚೆ ಈ ದಿನಾಂಕ ನೆನಪಿಸಿಕೊಳ್ಳಿ.

ಡ್ರೋನ್ ಕಥೆಯೂ ಇದೆ. 2016ರ ಆಗಸ್ಟ್‌ನಿಂದ ಅಮೆರಿಕದಲ್ಲಿ ಡ್ರೋನ್ ಹಾರಿಸುವವರಿಗೆ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಕೊಡ್ತಾರೆ. 2022ರ ಕೊನೆಗೆ ಅದು 3 ಲಕ್ಷ ದಾಟಿತ್ತು. ಎಫ್‌ಎಎ ಇದನ್ನು ಬೇರೆಯಾಗಿ ಇಟ್ಟಿದೆ, ಪೈಲಟ್‌ಗಳ ಒಟ್ಟು ಮೊತ್ತಕ್ಕೆ ಸೇರಿಸಿಲ್ಲ. ಸೇರಿಸುವ ಮನಸ್ಸಿದ್ದವರಿಗೆ ಒಂದು ಪ್ಲಸ್ ಚಿಹ್ನೆ ಸಾಕು, ಅದೇ ವರ್ಷವೇ ‘10 ಲಕ್ಷ ಪೈಲಟ್‌ಗಳು’ ಆಗಿಬಿಡುತ್ತಿತ್ತು. ಅದಕ್ಕೇ ಯಾರಾದರೂ ದುಂಡನೆಯ ದೊಡ್ಡ ಸಂಖ್ಯೆ ಹೇಳಿದರೆ, ಅದರಲ್ಲಿ ಯಾರ್ಯಾರು ಸೇರಿದ್ದಾರೆ ಅಂತ ಕೇಳಬೇಕು.

ದೊಡ್ಡ ಸಂಖ್ಯೆ ಯಾಕೆ ಬೇಕು?

ಈಗ ಸಂಘಟನೆಗಳ ಕಡೆಯಿಂದ ನೋಡೋಣ. ಅವರು ದುರುದ್ದೇಶದವರು ಅಂತ ನನಗೆ ಅನ್ನಿಸಲ್ಲ. ಅಮೆರಿಕದಲ್ಲಿ ಸಾರ್ವಜನಿಕರು ಬಳಸಬಹುದಾದ ವಿಮಾನ ನಿಲ್ದಾಣಗಳು ಸುಮಾರು 5,000. ಅದರಲ್ಲಿ ಏರ್‌ಲೈನ್ ವಿಮಾನ ಬಂದು ಹೋಗೋದು 500ರ ಆಸುಪಾಸಿನಲ್ಲಿ ಮಾತ್ರ. ಉಳಿದವು ಸಣ್ಣ ವಿಮಾನಗಳ, ತರಬೇತಿ ಶಾಲೆಗಳ, ಆಂಬುಲೆನ್ಸ್ ವಿಮಾನಗಳ, ಬೆಳೆಗೆ ಔಷಧಿ ಸಿಂಪಡಿಸುವವರ ನಿಲ್ದಾಣಗಳು. ಊರು ಬೆಳೆದಂತೆ ಆ ಜಾಗದ ಮೇಲೆ ಎಲ್ಲರ ಕಣ್ಣು. ನಮ್ಮಲ್ಲಿ ಕೆರೆ ಅಂಗಳದ ಮೇಲೆ ಬಿಲ್ಡರ್‌ಗಳ ಕಣ್ಣು ಬಿದ್ದ ಹಾಗೇ. ಅದನ್ನು ಉಳಿಸಿಕೊಳ್ಳಬೇಕು ಅಂದರೆ ಜನಪ್ರತಿನಿಧಿಗಳ ಮುಂದೆ ‘ನಮ್ಮ ಹಿಂದೆ ಇಷ್ಟು ಜನ ಇದ್ದಾರೆ’ ಅಂತ ಹೇಳಲೇಬೇಕು.

2017ರಲ್ಲಿ ಏರ್ ಟ್ರಾಫಿಕ್ ಕಂಟ್ರೋಲ್ ಅನ್ನು ಎಫ್‌ಎಎಯಿಂದ ಬಿಡಿಸಿ ಬೇರೆ ಸಂಸ್ಥೆಗೆ ಕೊಡುವ ಮಸೂದೆ ಅಮೆರಿಕದ ಕಾಂಗ್ರೆಸ್‌ಗೆ ಬಂದಾಗ ಸಣ್ಣ ವಿಮಾನದವರು ಒಟ್ಟಾಗಿ ವಿರೋಧಿಸಿದರು. ಹಿಡಿತ ದೊಡ್ಡ ಏರ್‌ಲೈನ್‌ಗಳ ಕೈಗೆ ಹೋಗುತ್ತೆ, ನಮ್ಮ ಮೇಲೆ ಶುಲ್ಕ ಬೀಳುತ್ತೆ ಅನ್ನೋದು ಅವರ ಭಯ. 2018ರ ಫೆಬ್ರವರಿಯಲ್ಲಿ ಆ ಪ್ರಸ್ತಾಪವನ್ನು ಕೈಬಿಟ್ಟರು. ಇಂಥ ಜಗಳದಲ್ಲಿ ತಲೆ ಎಣಿಕೆಗೆ ಬೆಲೆ ಇದೆ. ಇದು ನಮಗೂ ಅರ್ಥವಾಗುವಂಥದ್ದೇ. ಯಾವ ಸಂಘದವರೂ ‘ನಾವು ಸ್ವಲ್ಪ ಜನ ಮಾತ್ರ’ ಅಂತ ಹೇಳಿಕೊಂಡು ಮನವಿ ಪತ್ರ ಕೊಡಲ್ಲ.

ಆದರೆ ಊದಿಸಿದ ಸಂಖ್ಯೆ ಮೊದಲು ಕಚ್ಚೋದು ಊದಿಸಿದವರನ್ನೇ. ಕಲಿಯೋಕೆ ಬಂದ ಪೈಲಟ್ ವಿದ್ಯಾರ್ಥಿಗಳಲ್ಲಿ ಶೇ 70ರಿಂದ 80ರಷ್ಟು ಜನ ಮಧ್ಯದಲ್ಲೇ ಬಿಡುತ್ತಾರೆ ಅನ್ನುವ ಅಂದಾಜು ಅಮೆರಿಕದ ವಿಮಾನಯಾನ ವಲಯದಲ್ಲಿ ಬಹಳ ವರ್ಷದಿಂದ ಓಡಾಡುತ್ತಿದೆ. 1939ರಲ್ಲಿ ಹುಟ್ಟಿದ, ಸಣ್ಣ ವಿಮಾನದವರ ದೊಡ್ಡ ಸಂಘಟನೆಯಾದ ಎಒಪಿಎ ಸ್ವತಃ 2010ರಲ್ಲಿ ಈ ಬಗ್ಗೆ ಅಧ್ಯಯನ ಮಾಡಿಸಿತ್ತು. ಅಂದರೆ ಅವರಿಗೆ ದೊಡ್ಡ ಚಿಂತೆ ಇರಬೇಕಾದದ್ದು ಬಿಟ್ಟು ಹೋಗುವವರ ಬಗ್ಗೆ. ಈಗ ಪಟ್ಟಿ ನೋಡಿ: ಬಿಟ್ಟು ಹೋದ ಒಬ್ಬೊಬ್ಬರೂ ‘ಬೆಳವಣಿಗೆ’ ಆಗಿ ಕಾಣುತ್ತಿದ್ದಾರೆ! ವಿದ್ಯಾರ್ಥಿಗಳ ಸಾಲು ಉದ್ದವಾದಷ್ಟೂ ಎಷ್ಟು ಜನ ಉತ್ಸಾಹದಿಂದ ಕಲೀತಿದ್ದಾರೆ, ಎಷ್ಟು ಜನ ದುಡ್ಡು ಸಾಲದೆ, ಬೋಧಕರು ಸಿಗದೆ ಕೈಚೆಲ್ಲಿದ್ದಾರೆ ಅನ್ನೋದು ಗೊತ್ತಾಗಲ್ಲ. ರೋಗವನ್ನೇ ಆರೋಗ್ಯ ಅಂತ ತೋರಿಸುವ ಥರ್ಮಾಮೀಟರ್ ಇದ್ದರೆ ಡಾಕ್ಟರ್ ಏನು ಮಾಡಬೇಕು?

ಎದುರು ಪಕ್ಷದವರೂ ಸುಮ್ಮನಿರಲ್ಲ. ‘ದಾಖಲೆ ಸಂಖ್ಯೆ ಇದೆ ಅಂತೀರಿ, ಮತ್ತೆ ಯಾಕೆ ನೆರವು ಬೇಕು?’ ಅಂತ ಕೇಳಿದರೆ ಉತ್ತರ ಕೊಡೋದು ಕಷ್ಟ. ಕೊರತೆ ಜಗಳದಲ್ಲೂ ಹೀಗೇ ಆಯಿತು. 2009ರ ಕೋಲ್ಗನ್ ಏರ್ ಅಪಘಾತದ ನಂತರ ಬಂದ ಕಾನೂನಿನಿಂದ, 2013ರಿಂದ ಏರ್‌ಲೈನ್‌ನ ಸಹಪೈಲಟ್‌ಗೂ ಎಟಿಪಿ ಬೇಕಾಯಿತು, ಅದಕ್ಕೆ ಸಾಮಾನ್ಯವಾಗಿ 1,500 ಗಂಟೆಯ ಹಾರಾಟ ಬೇಕು. ಇದರಿಂದಲೇ ಕೊರತೆ ಅಂತ ಸಣ್ಣ ಏರ್‌ಲೈನ್‌ಗಳು ಹೇಳಿದವು. ಕೊರತೆಯೇ ಇಲ್ಲ, ಬೇಕಾದಷ್ಟು ಎಟಿಪಿ ಕೊಡಲಾಗಿದೆ ಅಂತ ಪೈಲಟ್‌ಗಳ ಯೂನಿಯನ್ ಹೇಳಿತು. ಇಬ್ಬರ ಕೈಯಲ್ಲೂ ಸಂಖ್ಯೆ ಇತ್ತು. ಒಬ್ಬರು ಸರ್ಟಿಫಿಕೇಟ್ ಎಣಿಸುತ್ತಿದ್ದರು, ಇನ್ನೊಬ್ಬರು ಖಾಲಿ ಸೀಟು ಎಣಿಸುತ್ತಿದ್ದರು.

ನಮ್ಮ ಮನೆ ಬಾಗಿಲಿಗೆ ಬಂದಾಗ

ಇದೆಲ್ಲ ಏಳು ಸಮುದ್ರದಾಚೆಯ ವಿಚಾರ ಅನ್ನಿಸಬಹುದು. ಆದರೆ ಕನ್ನಡದ ಎಷ್ಟೋ ಮಕ್ಕಳು ಹಾರಾಟ ಕಲಿಯೋಕೆ ಅಮೆರಿಕದ ಶಾಲೆಗಳಿಗೇ ಹೋಗುತ್ತಾರೆ. ಅವರ ಕೈಗೂ ಮೊದಲು ಬರೋದು ಅದೇ ಎಕ್ಸ್‌ಪೈರಿ ಇಲ್ಲದ ಸ್ಟೂಡೆಂಟ್ ಕಾರ್ಡ್. ದುಡ್ಡು ಮುಗಿದು ಅರ್ಧಕ್ಕೇ ವಾಪಸ್ ಬಂದವರ ಸರ್ಟಿಫಿಕೇಟ್‌ಗೂ ಮುಕ್ತಾಯ ಇಲ್ಲ.

ನಮ್ಮ ಚಿಕ್ಕಮ್ಮನ ಮಗ ಸೈನ್ಸ್‌ನಲ್ಲಿ ಪಿಯುಸಿ ಮುಗಿಸಿ ಪೈಲಟ್ ಆಗ್ತೀನಿ ಅಂತ ಹಟ ಹಿಡಿದಿದ್ದಾನೆ. ಸೈಟ್ ಅಡ ಇಟ್ಟು ಲೋನ್ ತೆಗೆಯೋ ಮಾತು ನಡೀತಿದೆ. ಚಿಕ್ಕಪ್ಪ ಫೋನ್ ಮಾಡಿ ಕೇಳಿದರು: ‘ನೋಡಪ್ಪಾ, ಒಬ್ಬರು 30 ಸಾವಿರ ಪೈಲಟ್ ಬೇಕು ಅಂತಾರೆ. ಇನ್ನೊಬ್ಬರು ಲಕ್ಷಗಟ್ಟಲೆ ಪೈಲಟ್ ಇದ್ದಾರೆ ಅಂತಾರೆ. ನಾನು ಯಾರನ್ನ ನಂಬಲಿ?’

‘ಇಬ್ಬರನ್ನೂ ನಂಬಿ ಚಿಕ್ಕಪ್ಪ, ಆದರೆ ಒಂದು ಭಾಗಾಕಾರ ಮಾಡಿದ ಮೇಲೆ’ ಅಂದೆ.

ಭಾರತಕ್ಕೆ ಮುಂದಿನ 20 ವರ್ಷದಲ್ಲಿ 31,000 ಪೈಲಟ್‌ಗಳು ಬೇಕು ಅಂತ 2023ರಲ್ಲಿ ಬೋಯಿಂಗ್ ಅಂದಾಜು ಹೇಳಿತ್ತು. ವಿಮಾನ ಮಾರುವ ಕಂಪನಿಯ ಮುನ್ನೋಟ ಅದು, ಅದನ್ನು ನೆನಪಿಡಿ. 31,000 ಅಂದರೆ ದೊಡ್ಡ ಸಂಖ್ಯೆ. 20ರಿಂದ ಭಾಗಿಸಿದರೆ ವರ್ಷಕ್ಕೆ 1,550. ಅದೇ 2023ರಲ್ಲಿ ಡಿಜಿಸಿಎ ಕೊಟ್ಟ ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗಳು 1,622. ಅಂದರೆ ಕೇಳಿಕೆಯೂ ಪೂರೈಕೆಯೂ ಆ ವರ್ಷದ ಮಟ್ಟಿಗೆ ಪಕ್ಕಪಕ್ಕದಲ್ಲೇ ಇವೆ. ‘ಲೈಸೆನ್ಸ್ ಇದ್ದರೆ ಸಾಕು, ಏರ್‌ಲೈನ್ ಬಂದು ಕರ್ಕೊಂಡು ಹೋಗುತ್ತೆ’ ಅನ್ನುವ ಜಾಹೀರಾತಿನ ಚಿತ್ರ ಇದರಲ್ಲಿ ಕಾಣಲ್ಲ.

ಬರೀ ಲೈಸೆನ್ಸ್ ಇದ್ದರೆ ಏರ್‌ಲೈನ್ ಸೀಟು ಸಿಗಲ್ಲ. 200 ಗಂಟೆ ಹಾರಿ ಲೈಸೆನ್ಸ್ ಪಡೆದ ಮೇಲೆ, ಒಂದು ನಿರ್ದಿಷ್ಟ ಮಾದರಿಯ ವಿಮಾನಕ್ಕೆ ಟೈಪ್ ರೇಟಿಂಗ್ ಬೇಕು, ಅದಕ್ಕೂ ಲಕ್ಷಗಟ್ಟಲೆ ಸುರಿಯಬೇಕು. ಏರ್‌ಲೈನ್‌ಗಳಿಗೆ ಹುಡುಕಾಟ ಹೆಚ್ಚು ಇರೋದು ಅನುಭವಿ ಕ್ಯಾಪ್ಟನ್‌ಗಳಿಗೆ. ಕ್ಯಾಪ್ಟನ್ ಕೊರತೆಯ ಸುದ್ದಿ ತೋರಿಸಿ ಹೊಸ ಹುಡುಗರಿಗೆ ಸೀಟು ಮಾರೋದು, ಸೀನಿಯರ್ ಆರ್ಕಿಟೆಕ್ಟ್‌ಗಳಿಗೆ ಬೇಡಿಕೆ ಇದೆ ಅಂತ ಹೇಳಿ ಫ್ರೆಷರ್‌ಗಳಿಗೆ ಕೋರ್ಸ್ ಮಾರಿದ ಹಾಗೇ. ನಮ್ಮ ಐಟಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹುಡುಗನಿಗೆ ‘ಬೇಡ’ ಅಂತ ನಾನು ಹೇಳಲಿಲ್ಲ. ಆಕಾಶದ ಆಸೆ ಚಿಕ್ಕದಲ್ಲ, ವೃತ್ತಿಯಾಗಿ ಅದು ಬೆಳೆಯುತ್ತಿರುವುದೂ ನಿಜ. ಆದರೆ ಸೈಟ್ ಅಡ ಇಡೋ ಮುಂಚೆ ತರಬೇತಿ ಶಾಲೆಯವರ ಮುಂದೆ ಕೂತು ಕೇಳೋಕೆ ನಾಲ್ಕು ಪ್ರಶ್ನೆ ಬರೆದುಕೊಟ್ಟೆ.

ನಿಮ್ಮಲ್ಲಿ ಸೇರಿದವರು ಎಷ್ಟು, ಲೈಸೆನ್ಸ್ ತೆಗೆದುಕೊಂಡು ಹೊರಗೆ ಹೋದವರು ಎಷ್ಟು?

ಅವರಿಗೆ ಅದಕ್ಕೆ ಎಷ್ಟು ತಿಂಗಳು ಹಿಡಿಯಿತು? ಬ್ರೋಷರ್‌ನಲ್ಲಿ ಇರುವ ತಿಂಗಳಲ್ಲ, ನಿಜವಾಗಿ ಹಿಡಿದ ತಿಂಗಳು.

ಎರಡು ವರ್ಷದ ಹಿಂದೆ ಪಾಸಾದವರಲ್ಲಿ ಇವತ್ತು ಸಂಬಳಕ್ಕೆ ಹಾರುತ್ತಿರುವವರು ಎಷ್ಟು?

ನೀವು ಹೇಳುವ ‘ಇಷ್ಟು ಸಾವಿರ ಬೇಡಿಕೆ’ ಎಷ್ಟು ವರ್ಷದ್ದು, ಅದನ್ನು ಎಣಿಸಿದವರು ಯಾರು?

ಈ ನಾಲ್ಕಕ್ಕೂ ಉತ್ತರ ಕೊಡುವ ಶಾಲೆ ಸಿಕ್ಕರೆ ಅದೇ ದೊಡ್ಡ ಶಿಫಾರಸು. ಉತ್ತರ ಕೊಡದೆ ಮತ್ತೊಂದು ದೊಡ್ಡ ಸಂಖ್ಯೆ ಹೇಳಿದರೆ, ಅದೂ ಒಂದು ಉತ್ತರವೇ.

ಲೆಕ್ಕ ಸರಿ ಇದ್ದರೆ ವಾದಕ್ಕೆ ಬಲ

ಅಮೆರಿಕದ ಸಣ್ಣ ವಿಮಾನದವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಅವರ ಬೇಡಿಕೆಗಳಲ್ಲಿ ನ್ಯಾಯ ಇದೆ ಅಂತಲೇ ಅನ್ನಿಸುತ್ತೆ. ಅದಕ್ಕೇ ಹೇಳೋದು, ‘ನಾವು 8 ಲಕ್ಷ ಇದ್ದೀವಿ’ ಅನ್ನೋದಕ್ಕಿಂತ ‘ಖುಷಿಗೆ ಹಾರುವವರು ನಲವತ್ತು ವರ್ಷದಲ್ಲಿ ಅರ್ಧಕ್ಕಿಂತ ಕಡಿಮೆ ಆಗಿದ್ದೀವಿ, ಕಲಿಯೋಕೆ ಬಂದವರನ್ನು ಉಳಿಸಿಕೊಳ್ಳೋಕೆ ಆಗ್ತಿಲ್ಲ, ನಾಳೆಯ ಏರ್‌ಲೈನ್ ಪೈಲಟ್‌ಗಳು ಹುಟ್ಟೋದು ಇದೇ ಸಣ್ಣ ನಿಲ್ದಾಣಗಳಲ್ಲಿ’ ಅನ್ನೋದು ಹೆಚ್ಚು ಗಟ್ಟಿಯಾದ ವಾದ. ಅದು ಸಣ್ಣ ಸಂಖ್ಯೆ, ಆದರೆ ಯಾರು ಬಿಚ್ಚಿ ನೋಡಿದರೂ ಅಲುಗಾಡಲ್ಲ.

ಒಂದು ಪಟ್ಟಿಯಿಂದ ಜನ ಹೊರಗೆ ಹೋಗುವ ಬಾಗಿಲು ಎಲ್ಲಿದೆ ಅಂತ ಮೊದಲು ಹುಡುಕಿ. ಆ ಬಾಗಿಲೇ ಇಲ್ಲದ ಪಟ್ಟಿ ಬೆಳೆಯಲೇಬೇಕು, ಅದಕ್ಕೆ ಬೇರೆ ದಾರಿ ಇಲ್ಲ. ಪೈಲಟ್‌ಗಳ ಪಟ್ಟಿ ಇರಲಿ, ನಿಮ್ಮ ಆಪ್‌ನ ಯೂಸರ್ ಪಟ್ಟಿ ಇರಲಿ, ಯಾವುದೋ ಕೋರ್ಸ್‌ನ ‘ನಮ್ಮಲ್ಲಿ ಕಲಿತವರು’ ಪಟ್ಟಿ ಇರಲಿ, ಈ ಒಂದು ಪ್ರಶ್ನೆ ಎಲ್ಲ ಕಡೆ ಕೆಲಸಕ್ಕೆ ಬರುತ್ತೆ.